ಕಣ್ಣಿಗೆ ಮಂಕುಬೂದಿ ಎರಚೋ ಚಿತ್ರ ಬರೀತೀರ, ಭಜನೆಗೂ ಹೋಗ್ತೀರ, ಏನ್ ಸಮಾಚಾರ?

ಗಣೇಶನ ಹಬ್ಬ ಬಂತು ಅಂದರೆ ನನಗೆ ಈ ಪ್ರಶ್ನೆ ಗ್ಯಾರಂಟಿ. ಹಾಸನದ ನಮ್ಮ ಬಡಾವಣೆಯ ಪೆಂಡಾಲಿನ ಮುಂದೆ, ರಸ್ತೆ ಮೇಲೆ ನಾನೊಂದು ಗುಂಡಿಯ ಚಿತ್ರ ಬರೆಯುತ್ತೇನೆ. ಸರಿಯಾದ ಜಾಗದಿಂದ ನೋಡಿದರೆ ಟಾರು ಕುಸಿದು ಒಳಗೆ ಮೆಟ್ಟಿಲು ಇಳಿದು ಹೋದ ಹಾಗೆ ಕಾಣುತ್ತದೆ. ಜನ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಯಾರಾದರೊಬ್ಬರು ಪಕ್ಕಕ್ಕೆ ಬಂದು ಶುರು ಮಾಡುತ್ತಾರೆ: "ಸಾರ್, ನೀವು ಶನಿವಾರ ಭಜನೆ ಮಂಡಳಿಗೂ ಹೋಗ್ತೀರಲ್ವಾ? ಜಗತ್ತೆಲ್ಲ ಮಾಯೆ ಅಂತ ಅಲ್ಲಿ ಹೇಳ್ತಾರಲ್ಲ, ಅದನ್ನೇ ಇಲ್ಲಿ ಬರೀತಿದೀರಾ?"

ಹೌದು ಅಂದುಬಿಟ್ಟರೆ ಅವರಿಗೆ ಬಹಳ ಸಂತೋಷ. ನನಗೂ ಸ್ವಲ್ಪ ದೊಡ್ಡಸ್ತಿಕೆ. ಆದರೆ ನಿಜ ಏನಪ್ಪಾ ಅಂದರೆ, ಈ ಚಿತ್ರದ ಹುಚ್ಚು ಹಿಡಿದದ್ದು ಇಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಿನಲ್ಲಿ. ಮಂಡಳಿಗೆ ಕಾಲಿಟ್ಟದ್ದು ಪ್ರಸಾದಕ್ಕೆ.

ಡ್ರಾಯಿಂಗ್ ಹಾಲಿನ ವಿಷಯ ಮೊದಲು ಹೇಳುತ್ತೇನೆ. ಎತ್ತರದ ಸ್ಟೂಲು, ಓರೆ ಮೇಜು, ಮಿನಿ ಡ್ರಾಫ್ಟರ್, ಚೂಪು ಮಾಡಿದ 2ಎಚ್ ಪೆನ್ಸಿಲ್, ಹಾಳೆಯ ಮೇಲೆ ಬೆವರು ಬೀಳದಂತೆ ಮಣಿಕಟ್ಟಿಗೆ ಸುತ್ತಿದ ಕರ್ಚೀಫು. ಮೊದಲ ವರ್ಷ ಎಲ್ಲರಿಗೂ ಐಸೊಮೆಟ್ರಿಕ್ ಕಲಿಸುತ್ತಾರೆ, ಅಂದರೆ ಉದ್ದ, ಅಗಲ, ಆಳ ಮೂರನ್ನೂ ಚಪ್ಪಟೆ ಹಾಳೆಯ ಮೇಲೆ ತೋರಿಸುವ ಒಂದು ಕ್ರಮ. ನೆಟ್ಟಗಿನ ಗೆರೆಗಳು ನೆಟ್ಟಗೇ ಇರುತ್ತವೆ, ಅಗಲ ಮತ್ತು ಆಳದ ಗೆರೆಗಳು 30 ಡಿಗ್ರಿ ಓರೆಯಾಗುತ್ತವೆ. ನಮ್ಮ ಕಣ್ಣಿಗೆ ದೂರದ್ದು ಚಿಕ್ಕದಾಗಿ ಕಾಣುತ್ತದೆ ಅಲ್ವಾ? ಐಸೊಮೆಟ್ರಿಕ್‌ನಲ್ಲಿ ಆ ಪದ್ಧತಿ ಇಲ್ಲ. ಹತ್ತಿರದ ಅಂಚಿಗೂ ದೂರದ ಅಂಚಿಗೂ ಒಂದೇ ಅಳತೆ. ಕಳ್ಳದಾರಿ ಇರುವುದೇ ಅಲ್ಲಿ. ಯಾವ ಗೆರೆ ಮುಂದಿದೆ, ಯಾವುದು ಹಿಂದಿದೆ ಅಂತ ಹಾಳೆ ಬಾಯಿಬಿಡುವುದಿಲ್ಲ.

ಹಿಂದಿನ ಸಾಲಿನ ಗೆಳೆಯನೊಬ್ಬ ಇದನ್ನು ಪತ್ತೆ ಹಚ್ಚಿದ್ದ. ಚೌಕದ ಮೂರು ತೊಲೆ ಬರೆದ. ಮೊದಲನೆಯದಕ್ಕೆ ಎರಡನೆಯದನ್ನು ನೇರ ಮೂಲೆಯಲ್ಲಿ ಜೋಡಿಸಿದ, ಎರಡನೆಯದಕ್ಕೆ ಮೂರನೆಯದನ್ನು. ಮೂರನೆಯದರ ತುದಿಯನ್ನು ತಂದು ಮೊದಲನೆಯದಕ್ಕೇ ಕೂಡಿಸಿಬಿಟ್ಟ. ಒಂದು ಮೂಲೆಯನ್ನು ಮಾತ್ರ ಬಿಟ್ಟು ಉಳಿದದ್ದಕ್ಕೆ ಕೈ ಅಡ್ಡ ಇಟ್ಟು ನೋಡಿ, ಎಲ್ಲ ಸರಿಯಾಗೇ ಇದೆ. ಯಾವ ಮೂಲೆಯನ್ನು ನೋಡಿದರೂ ಅಷ್ಟೇ. ಕೈ ತೆಗೆದರೆ ಅಂಥ ಸಾಮಾನು ಭೂಮಿ ಮೇಲೆ ಇರುವುದಕ್ಕೇ ಸಾಧ್ಯವಿಲ್ಲ. ನಮ್ಮ ಲೆಕ್ಚರರ್ ಅದನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದರು. "ಮೂಲೆಗೆಲ್ಲ ಮಾರ್ಕ್ಸ್ ಕೊಡ್ತೀನಿ ಕಣಯ್ಯ, ಒಟ್ಟಿಗೆ ಕೊಡಲ್ಲ" ಅಂದರು.

ಅವನೇ ಕಂಡುಹಿಡಿದ ಅಂತ ನಾವೆಲ್ಲ ನಂಬಿದ್ದೆವು. ಲೈಬ್ರರಿಗೆ ಹೋದ ಮೇಲೆ ಗೊತ್ತಾಯಿತು, ಸ್ವೀಡನ್ನಿನ ಚಿತ್ರಕಾರ ಆಸ್ಕರ್ ರಾಯ್ಟರ್ಸ್‌ವಾರ್ಡ್ 1934ರಲ್ಲೇ ಅದನ್ನು ಚಿಕ್ಕ ಚಿಕ್ಕ ಘನಗಳಲ್ಲಿ ಬರೆದಾಗಿತ್ತು. ಇಂಗ್ಲೆಂಡಿನ ವಿಜ್ಞಾನಿ ಲಯೊನೆಲ್ ಪೆನ್‌ರೋಸ್ ಮತ್ತು ಮಗ ರೋಜರ್ ಪೆನ್‌ರೋಸ್ 1958ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಹಾಲೆಂಡಿನ ಚಿತ್ರಕಾರ ಎಂ.ಸಿ. ಎಷರ್ 1961ರಲ್ಲಿ ಅದೇ ತ್ರಿಕೋನ ಇಟ್ಟುಕೊಂಡು ಒಂದು ಜಲಪಾತ ಬರೆದ. ನೀರು ಕಾಲುವೆಯಲ್ಲಿ ಇಳಿಯುತ್ತಾ ಇಳಿಯುತ್ತಾ ಹೋಗಿ, ಧುಮುಕಿದ ಜಾಗದ ತಲೆಯ ಮೇಲೇ ಬಂದು ನಿಲ್ಲುತ್ತದೆ! ನಮ್ಮ ಹೇಮಾವತಿ ಹಾಗೆ ಹರಿದಿದ್ದರೆ ಗೊರೂರಿನಲ್ಲಿ ಅಣೆಕಟ್ಟೇ ಬೇಕಿರಲಿಲ್ಲ.

ಆ ತ್ರಿಕೋನವನ್ನು ನಾವು ಮರದ ರೀಪರಿನಲ್ಲಿ ಮಾಡಿಯೂ ನೋಡಿದೆವು. ಮಾಡಬಹುದು, ಒಂದು ಮೂಲೆ ಕೂಡಿಸದೆ ಬಿಚ್ಚಿಡಬೇಕು ಅಷ್ಟೇ. ಒಂದೇ ಒಂದು ಜಾಗದಿಂದ, ಒಂದು ಕಣ್ಣು ಮುಚ್ಚಿ ನೋಡಿದಾಗ ಎರಡೂ ತುದಿ ಸೇರಿದಂತೆ ಕಾಣುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬಣ್ಣ ಬಯಲು.

ರಸ್ತೆ ಮೇಲಿನ ಗುಂಡಿಯ ಗುಟ್ಟೂ ಇದೇ. ಮೊದಲು ನಿಲ್ಲುವ ಜಾಗ ಗೊತ್ತು ಮಾಡಬೇಕು. ಅಲ್ಲಿ ಸ್ಟೂಲಿನ ಮೇಲೆ ಮೊಬೈಲ್ ಅಲ್ಲಾಡದಂತೆ ಇಟ್ಟು, ಒಬ್ಬ ಅದರಲ್ಲಿ ನೋಡುತ್ತಾ "ಇನ್ನೊಂಚೂರು ಆಚೆ, ಸಾಕು, ನಿಲ್ಸಿ" ಅಂತ ಕೂಗುತ್ತಿರಬೇಕು. ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡು ಆಮೇಲೆ ಡಿಸ್ಟೆಂಪರ್. ರಂಗೋಲಿ ಪುಡಿ ಗಾಳಿಗೆ ನಿಲ್ಲುವುದಿಲ್ಲ. ದೂರ ಹೋದ ಹಾಗೆಲ್ಲ ಚಿತ್ರ ಎಳೆದ ರಬ್ಬರಿನ ತರ ಉದ್ದವಾಗುತ್ತದೆ. ಎದುರಿನ ಮನೆಯ ಮಹಡಿಯಿಂದ ನೋಡಿದವರು ಇದೇನು ಸೊಟ್ಟ ಅಂತ ನಗುತ್ತಾರೆ. ಬರಿಗಣ್ಣಿಗಿಂತ ಮೊಬೈಲಿನಲ್ಲಿ ಚೆನ್ನಾಗಿ ಕಾಣುವುದಕ್ಕೂ ಕಾರಣ ಇದೆ. ನಮಗೆ ಎರಡು ಕಣ್ಣು, ಎರಡು ಜಾಗದಿಂದ ನೋಡುತ್ತವೆ. ಇದು ಚಪ್ಪಟೆ ಅಂತ ಮಿದುಳಿಗೆ ಸುಳಿವು ಸಿಕ್ಕಿಬಿಡುತ್ತದೆ. ಕ್ಯಾಮೆರಾಗೆ ಒಂದೇ ಕಣ್ಣು. (2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ನಿಜವಾದ ರಸ್ತೆಗುಂಡಿಯಲ್ಲಿ ಮೊಸಳೆ ಕೂರಿಸಿದ ಮೇಲೆ, ನನ್ನ ಗುಂಡಿಯಲ್ಲೂ ಮೊಸಳೆ ಬೇಕು ಅನ್ನುವವರು ಜಾಸ್ತಿ. ನಾನು ಬರೆಯುವುದಿಲ್ಲ, ಅದು ಅವರದು.)

ಇನ್ನು ಮಂಡಳಿ. ಶನಿವಾರ ರಾತ್ರಿ ಹಾಸ್ಟೆಲ್ ಮೆಸ್ಸಿನ ಸಾರು ಬಾಯಿಗೆ ಇಡುವ ಹಾಗಿರುತ್ತಿರಲಿಲ್ಲ. ಎರಡು ಬೀದಿ ಆಚೆ ಒಂದು ಮನೆಯ ಹಜಾರದಲ್ಲಿ ಭಜನೆ, ಕೊನೆಗೆ ಪುಳಿಯೋಗರೆ, ಕಡಲೆಕಾಳು ಉಸ್ಲಿ. ನಾವು ಮಂಗಳಾರತಿ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿದ್ದೆವು. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ದಿನಕ್ಕೆ ಒಬ್ಬ ಅಜ್ಜಿ ತಾಳ ಕೈಗೆ ಕೊಟ್ಟು, "ಬರೀ ತಿನ್ನೋಕೆ ಬರ್ಬೇಡ್ರಪ್ಪ, ಇದನ್ನಾದ್ರೂ ತಟ್ಟಿ" ಅಂದರು.

ಪದಗಳೆಲ್ಲ ಮುಗಿದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಅರ್ಧ ಗಂಟೆ ವೇದಾಂತ ಹೇಳುತ್ತಿದ್ದರು. ಶೃಂಗೇರಿ ಕಡೆಯಲ್ಲಿ ಓದಿದವರು. ಒಂದು ಸಲ ಹಗ್ಗ-ಹಾವಿನ ಮಾತು ಬಂತು. ಕತ್ತಲಲ್ಲಿ ಹಗ್ಗ ನೋಡಿ ಹಾವು ಅಂದುಕೊಳ್ಳುತ್ತೀವಿ, ದೀಪ ತಂದರೆ ಹಾವು ಹೋಗುತ್ತದೆ, ಜ್ಞಾನವೂ ಹಾಗೇ ಅಂದರು. ನನಗೆ ಆಗ ತಲೆಯ ತುಂಬ ಗೆರೆಗಳೇ. ಎದ್ದು, ಮದುವೆ ಆಮಂತ್ರಣವೊಂದರ ಹಿಂಬದಿಯಲ್ಲಿ ಸಮ ಉದ್ದದ ಎರಡು ಗೆರೆ ಎಳೆದೆ. ಒಂದರ ತುದಿಗಳಿಗೆ ಒಳಮುಖವಾಗಿ ಬಾಣದ ರೆಕ್ಕೆ, ಇನ್ನೊಂದಕ್ಕೆ ಹೊರಮುಖವಾಗಿ. ಇದು 1889ರಲ್ಲಿ ಮ್ಯೂಲರ್-ಲಯರ್ ತೋರಿಸಿದ ಭ್ರಮೆ. ಹೊರಕ್ಕೆ ರೆಕ್ಕೆ ಇರುವ ಗೆರೆ ಉದ್ದ ಕಾಣುತ್ತದೆ.

"ಮೇಷ್ಟ್ರೇ, ಸ್ಕೇಲ್ ಇಟ್ಟು ಅಳೀರಿ, ಎರಡೂ ಒಂದೇ. ದೀಪ ಬಂದಾಯ್ತು. ಆದ್ರೂ ಹಾವು ಹೋಗ್ಲಿಲ್ವಲ್ಲ?"

ಅಜ್ಜಿಯರ ಕಡೆಯಿಂದ ಶ್ ಅನ್ನೋ ಸದ್ದು. ಮೇಷ್ಟ್ರು ಅಳೆದರು. ಕನ್ನಡಕ ತೆಗೆದು ಮತ್ತೆ ನೋಡಿದರು. ನಕ್ಕುಬಿಟ್ಟರು.

"ಹೋಗಲ್ಲ ಕಣಯ್ಯ. ಇದು ಹಗ್ಗದ ಹಾವಲ್ಲ, ದಾಸವಾಳ ಹೂವಿನ ಜಾತಿ" ಅಂದರು. ಸ್ಫಟಿಕದ ಪಕ್ಕ ದಾಸವಾಳ ಇಟ್ಟರೆ ಸ್ಫಟಿಕ ಕೆಂಪಾಗಿ ಕಾಣುತ್ತದೆ. ಬಣ್ಣ ಹೂವಿನದು ಅಂತ ಗೊತ್ತಾದ ಮೇಲೂ, ಹೂವು ಅಲ್ಲಿರುವ ತನಕ ಕೆಂಪು ಕಾಣುತ್ತಲೇ ಇರುತ್ತದೆ. ಇದು ಸೋಪಾಧಿಕ ಭ್ರಮೆ, ಅಂದರೆ ಪಕ್ಕದ ಇನ್ನೊಂದು ವಸ್ತುವಿನಿಂದ ಆಗುವಂಥದ್ದು; ಹಗ್ಗದ ಹಾವು ನಿರುಪಾಧಿಕ ಭ್ರಮೆ, ಅದಕ್ಕೆ ಅಂಥ ವಸ್ತು ಬೇಕಿಲ್ಲ; ಹಳಬರು ಎರಡನ್ನೂ ಬೇರೆ ಬೇರೆ ಮಾಡಿ ಇಟ್ಟಿದ್ದಾರೆ ಅಂದರು. ತಿಳಿದವನಿಗೂ ಜಗತ್ತು ಕಾಣುತ್ತದೆ, ಅವನು ಏಮಾರುವುದಿಲ್ಲ ಅಷ್ಟೇ ಅಂತ.

ನನಗೆ ಇದು ಸರಿ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ನನ್ನ ಗುಂಡಿ ನೋಡುವವರು ಯಾರೂ ಹಗ್ಗ ಕಂಡು ಓಡುವವರಲ್ಲ. ಚಿತ್ರ ಅಂತ ಗೊತ್ತಿದ್ದೇ ಅಂಚಿನಲ್ಲಿ ಕಾಲು ಹಿಂದೆಗೆಯುತ್ತಾರೆ. ಮಜಾ ಇರುವುದೇ ಅದರಲ್ಲಿ. ಹಾಗಾಗಿ "ಮಾಯೆ ತೋರಿಸ್ತಿದೀರಾ" ಅಂದಾಗ ನಾನು ತಲೆ ಅಲ್ಲಾಡಿಸುವುದು ಅರ್ಧ ಮಾತ್ರ.

ಆದರೂ ಕಣ್ಣು ಏಮಾರಿಸುವ ಚಿತ್ರ, ದೇವರು, ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕಿದವರು ಇದ್ದಾರೆ. ಆಂದ್ರೆಯಾ ಪೊತ್ಸೊ ಅಂತ ಒಬ್ಬ ಚಿತ್ರಕಾರ, ಜೆಸ್ಯೂಟರು ಅನ್ನೋ ಕ್ಯಾಥೊಲಿಕ್ ಧಾರ್ಮಿಕ ಸಂಘಕ್ಕೆ ಸೇರಿದ ಬ್ರದರ್. ರೋಮಿನ ಸಂತ ಇಗ್ನೇಷಿಯಸ್ ಚರ್ಚಿಗೆ ಗುಮ್ಮಟ ಕಟ್ಟುವುದು ಆಗಲಿಲ್ಲ. ಇವನು 1685ರಲ್ಲಿ ದೊಡ್ಡ ಕ್ಯಾನ್‌ವಾಸಿನ ಮೇಲೆ ಗುಮ್ಮಟ ಬರೆದು ಮೇಲೆ ಹಾಕಿಸಿಬಿಟ್ಟ. ಕೆಳಗೆ ನಿಂತವರಿಗೆ ಕಂಬ, ಕಿಟಕಿ ಸಮೇತ ಟೊಳ್ಳು ಗುಮ್ಮಟ. ನನಗೆ ಇಷ್ಟವಾದದ್ದು ನೆಲದಲ್ಲಿ ಇರುವ ಅಮೃತಶಿಲೆಯ ಬಿಲ್ಲೆ. ಇಲ್ಲಿ ನಿಂತು ನೋಡು ಅಂತ ಗುರುತು. ಅಲ್ಲಿಂದ ದೂರ ಸರಿದರೆ ಗುಮ್ಮಟ ಸೊಟ್ಟಗಾಗುತ್ತದೆ. ಮುಚ್ಚುಮರೆ ಇಲ್ಲ. ನಾನೂ ಅದಕ್ಕೇ ರಸ್ತೆ ಮೇಲೆ ಎರಡು ಪಾದದ ಗುರುತು ಬರೆದಿಡುತ್ತೇನೆ.

"ಹಾಗಾದ್ರೆ ಗಾಳಿಯಿಂದ ವಿಭೂತಿ ತೆಗೆಯೋದೂ ಕಲೆನೇ ಅಲ್ವಾ" ಅಂತ ಕಿಚಾಯಿಸುವವರೂ ಉಂಟು. ಅಲ್ಲ. ಅಲ್ಲಿ ನಿಲ್ಲುವ ಜಾಗದ ಗುರುತನ್ನೇ ಬಚ್ಚಿಡುತ್ತಾರೆ, ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರಲ್ಲ, ಅವರು ಕೇಳಿದ್ದೂ ಹೆಚ್ಚು ಕಡಿಮೆ ಇಷ್ಟೇ: ಸ್ವಲ್ಪ ಪಕ್ಕದಿಂದ ನೋಡ್ತೀವಿ, ಬಿಡಿ. ನಮ್ಮ ಮೇಷ್ಟ್ರಿಗೂ ಅವರೆಂದರೆ ಬಹಳ ಗೌರವ.

ಮತ್ತೆ ಮಂಡಳಿಗೆ ಯಾಕೆ ಹೋಗುತ್ತೇನೆ? ಜನಕ್ಕೆ. ಶ್ರುತಿ ಎಲ್ಲಿಗೋ ಹೋದರೂ ಹಾಡು ನಿಲ್ಲಿಸದ ಅಜ್ಜಿಯರಿಗೆ, ಬ್ಯಾಂಕಿನಿಂದ ಸೀದಾ ಬಂದು ಟೈ ಸಡಿಲ ಮಾಡಿಕೊಂಡು ಹಾರ್ಮೋನಿಯಂ ಮುಂದೆ ಕೂರುವವರಿಗೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸರದಿ ಹಾಕಿಕೊಂಡು ಊಟ ತಂದುಕೊಟ್ಟವರು ಇವರೇ. ದೇವರ ವಿಷಯದಲ್ಲಿ ನಮ್ಮೆಲ್ಲರಿಗೂ ಒಂದೇ ಅಭಿಪ್ರಾಯ ಇಲ್ಲ. ನಾನಂತೂ ಅರ್ಧಂಬರ್ಧ ನಂಬುವವನು. ಅದನ್ನು ಅಲ್ಲಿ ಯಾರೂ ಅಳೆಯಲು ಬಂದಿಲ್ಲ.

ಚಿತ್ರದ ದಿನ ಬಕೆಟ್ಟು ಹಿಡಿಯುವವರು, ಗಾಡಿಗಳನ್ನು ಆಚೆ ಬೀದಿಗೆ ತಿರುಗಿಸುವವರೂ ಇದೇ ಮಂಡಳಿಯವರೇ. ಈ ವರ್ಷ ಗುಂಡಿಯ ತಳದಲ್ಲಿ ನೀರು ಬೇಕಂತೆ, ಅದರಲ್ಲಿ ಗಣಪತಿಯ ನೆರಳು ಬೀಳಬೇಕಂತೆ. ನೆರಳು ತಲೆಕೆಳಗಾಗಿ ಬರೆಯಬೇಕಾಗುತ್ತದೆ, ಮೆಟ್ಟಿಲಿನದೂ ಸೇರಿ. ಒಂದೇ ರಾತ್ರಿಯಲ್ಲಿ ಆಗುವ ಕೆಲಸ ಅಲ್ಲ ಅಂದಿದ್ದೇನೆ. ಹಾರ್ಮೋನಿಯಂನವರು ಮಾತ್ರ ಕೇಳುತ್ತಿಲ್ಲ, ಆಗಲೇ ನೀಲಿ ಬಣ್ಣದ ಡಬ್ಬ ತಂದಿಟ್ಟಿದ್ದಾರೆ.