ನಕ್ಷೆಯಲ್ಲಿ ಕೆಂಪು ಬಣ್ಣ

ಒಂದು ವಾರದಿಂದ ರಾತ್ರಿ ಊಟ ಆದ ಮೇಲೆ ಅಮೆರಿಕದ ಕಪ್ಪು ಜನರ ಮನೆಗಳ ಕುರಿತ ಪ್ರಬಂಧಗಳನ್ನು ಓದುತ್ತಿದ್ದೇನೆ. ವರ್ಣಭೇದ ಅಂದರೆ ಬೈಗುಳ, ಹೊಡೆತ, ಬಸ್ಸಿನಲ್ಲಿ ಬೇರೆ ಸೀಟು ಅಂತಲೇ ನನ್ನ ತಲೆಯಲ್ಲಿತ್ತು. ಅದು ಒಂದು ನಕ್ಷೆಯೊಳಗೂ ಕೂತಿರುತ್ತದೆ ಅಂತ ಈಗ ಗೊತ್ತಾಯಿತು.

1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಒಂದೊಂದು ಬಡಾವಣೆಗೆ ಒಂದೊಂದು ಬಣ್ಣ. ಹಸಿರಿದ್ದರೆ ಸಾಲ ಕೊಡಲು ಒಳ್ಳೆಯ ಜಾಗ. ಕೆಂಪಿದ್ದರೆ ಅಪಾಯ. ಕಪ್ಪು ಜನರಿದ್ದ ಬೀದಿಗಳಿಗೆ ಹೆಚ್ಚಾಗಿ ಕೆಂಪೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಕಾಗೋದ ಒಂದು ಬಡಾವಣೆ, ನಾರ್ತ್ ಲಾನ್‌ಡೇಲ್. ಬ್ಯಾಂಕ್ ಸಾಲ ಸಿಗದ ಕಪ್ಪು ಕುಟುಂಬಗಳು ಅಲ್ಲಿ ಕಂತಿನ ಕರಾರಿನ ಮೇಲೆ, ವಿಪರೀತ ಬೆಲೆಗೆ ಮನೆ ಕೊಂಡವು. ಕೊನೆಯ ಕಂತು ತೀರುವವರೆಗೂ ಮನೆ ಮಾರಿದವನ ಹೆಸರಲ್ಲೇ ಇರುತ್ತಿತ್ತು. ಒಂದು ಕಂತು ತಪ್ಪಿದರೂ ಸಾಕು, ಮನೆಯೂ ಹೋಗಬಹುದು, ಅದುವರೆಗೆ ಕಟ್ಟಿದ ದುಡ್ಡೂ ಹೋಗಬಹುದು. ಎಷ್ಟು ಅನ್ಯಾಯ ಅಲ್ವಾ? ಆ ಜನ ಸುಮ್ನೆ ಕೂರಲಿಲ್ಲ. 1968ರಲ್ಲಿ ಸಂಘ ಕಟ್ಟಿದರು, ಕಂತು ಕೊಡುವುದಿಲ್ಲ ಅಂತ ಒಟ್ಟಾಗಿ ನಿಂತರು. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ ನೋಡಿ ಭೇದ ಮಾಡಬಾರದು ಅನ್ನುವ ಫೇರ್ ಹೌಸಿಂಗ್ ಕಾಯ್ದೆ ಬಂದದ್ದೂ ಅದೇ ವರ್ಷ. ಅಷ್ಟರಲ್ಲಿ ಹಸಿರು ಬಡಾವಣೆಯ ಮನೆಗಳು ಬಿಳಿಯರ ಮಕ್ಕಳಿಗೆ ಆಸ್ತಿಯಾಗಿದ್ದವು.

ನಮ್ಮಪ್ಪ ಮನೆ ಸಾಲದ ಕೊನೇ ಕಂತು ಕಟ್ಟಿ ಬಂದ ದಿನ ಅಮ್ಮ ಶಾವಿಗೆ ಪಾಯಸ ಮಾಡಿದ್ದರು. ಮನೆಪತ್ರವನ್ನು ದೇವರ ಮುಂದೆ ಇಟ್ಟಿದ್ದರು. ನಿನ್ನೆ ರಾತ್ರಿ ಓದುತ್ತಾ ಓದುತ್ತಾ ಅದೇ ನೆನಪಾಗಿ, ತುಂಬಾ ಹೊತ್ತು ನಿದ್ದೆ ಬರಲಿಲ್ಲ.