ಅಷ್ಟು ಹಳೆಯ ಸಾವನ್ನು ಏಕೆ ಕೆದಕಿದಿರಿ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಕೋಲಾರ ಜಿಲ್ಲೆಯ ಒಂದು ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದಾಗ, ಇಪ್ಪತ್ತೇಳು ವರ್ಷ ಹಿಂದೆ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದ ಹೆಣ್ಣುಮಗಳೊಬ್ಬಳ ಕಡತವನ್ನು ಮತ್ತೆ ತೆರೆದೆ. ಅವಳು ಸತ್ತಾಗ ಮದುವೆಯಾಗಿ ಎರಡು ವರ್ಷವಾಗಿತ್ತು. ‘ನೀರು ಸೇದುವಾಗ ಕಾಲು ಜಾರಿ ಬಿದ್ದು ಸಾವು’ ಎಂದು ಬರೆದು ಕಡತ ಮುಚ್ಚಿದ್ದರು. ಅವಳ ತಂಗಿ ಅರ್ಜಿ ಹಿಡಿದು ನನ್ನ ಬಳಿ ಬಂದರು.

ಈಚೆಗೆ ಮಾಲೂರಿನ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಎಲೆಗೆ ಉಪ್ಪು ಬೀಳುವ ಮುಂಚೆಯೇ ಪಕ್ಕದವರು ಶುರು ಮಾಡಿದರು: “ಅಲ್ಲ ಸಾರ್, ಸತ್ತವಳು ಎದ್ದು ಬರುತ್ತಾಳೆಯೇ?”

ಬರುವುದಿಲ್ಲ. ಮೊನ್ನೆ ಸತ್ತವರೂ ಎದ್ದು ಬರುವುದಿಲ್ಲ. ಹಾಗಾದರೆ ಅವರ ಸಾವಿನ ತನಿಖೆಯೂ ಬೇಡವೇ? ಮೂರು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಿಗೆ ಕಾನೂನು ಕಾಲಮಿತಿ ಇಟ್ಟಿದೆ, ಕೊಲೆಗೆ ಇಟ್ಟಿಲ್ಲ. ಕಾನೂನಿಗೇ ಇಲ್ಲದ ಅವಸರ ಊಟದ ಪಂಕ್ತಿಯಲ್ಲಿ ಕುಳಿತವರಿಗೆ ಏಕೆ?

ಟಿವಿ ನೋಡುವವರು ಕೇಳುವುದು ಡಿಎನ್‌ಎ. ದೇಹವನ್ನು ಅದೇ ಸಂಜೆ ಸುಟ್ಟಿದ್ದರು. ಸುಡದಿದ್ದರೂ ಡಿಎನ್‌ಎ ಹೇಳುವುದು ದೇಹ ಯಾರದು ಎಂದು, ಯಾರು ತಳ್ಳಿದರು ಎಂದಲ್ಲ. ವರದಕ್ಷಿಣೆ ಸಾವಿನ ಕಲಮು ಹಾಕಬೇಕಿತ್ತು ಎನ್ನುವವರೂ ಇದ್ದಾರೆ. 304ಬಿ ಕಲಮು ಬಂದದ್ದು 1986ರಲ್ಲಿ, ಅವಳು ಸತ್ತದ್ದು ಅದಕ್ಕೂ ಮೊದಲು. ಇಲ್ಲದ ಕಲಮನ್ನು ಹಿಂದಕ್ಕೆ ಎಳೆದು ಹಚ್ಚಲಾಗದು.

ನನಗಿದ್ದದ್ದು ಕಾಗದ ಮಾತ್ರ. ಮಡಿಕೆಯಲ್ಲಿ ಹರಿದು, ಅಂಚು ಮುಟ್ಟಿದರೆ ಪುಡಿಯಾಗುವ ನಾಲ್ಕು ಹಾಳೆಗಳ ಮಹಜರು, ಎಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಮುಂದೆ ಬರೆದ ಪೊಲೀಸ್ ದಾಖಲೆ. ಅದನ್ನು ಬರೆದ ಹೆಡ್ ಕಾನ್‌ಸ್ಟೆಬಲ್ ಕಂಡದ್ದನ್ನೆಲ್ಲ ಬರೆದಿದ್ದರು. ಕಟ್ಟೆಯ ಮೇಲೆ ಹಿತ್ತಾಳೆ ಬಿಂದಿಗೆ ಬೋರಲಾಗಿದೆ. ರಾಟೆಯಲ್ಲಿ ಹಗ್ಗವಿಲ್ಲ. ಹಗ್ಗ ಸುರುಳಿ ಸುತ್ತಿ ಹಜಾರದ ಗೂಟದಲ್ಲಿದೆ, ಒಣಗಿದೆ.

ಹಗ್ಗವಿಲ್ಲದೆ ನೀರು ಸೇದುವುದು ಹೇಗೆ? ಕೊನೆಯ ಹಾಳೆಯಲ್ಲಿ ಇನ್ನೊಂದು ಕೈಬರಹ, ಇನ್ನೊಂದು ಶಾಯಿ: ‘ನೀರು ಸೇದುವಾಗ’.

ಜನ ನನ್ನನ್ನು ಕೇಳಬೇಕಿದ್ದದ್ದು ಇದು: ಹಗ್ಗದ ಸಾಲನ್ನು ಇಪ್ಪತ್ತೇಳು ವರ್ಷ ಯಾರೂ ಏಕೆ ಓದಲಿಲ್ಲ? ಮೊದಲ ಹಾಳೆಗಳನ್ನು ಬರೆದವರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರನ್ನು ನಾನು ಕಂಡವನಲ್ಲ, ಆದರೆ ಆ ಗುಂಡಗಿನ ಅಕ್ಷರವನ್ನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಮಹಜರಿಗೆ ಸಾಕ್ಷಿಯಾದ ಪಂಚರಲ್ಲಿ ಬದುಕಿದ್ದ ಒಬ್ಬನೇ, ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂದು ಹೇಳಿಕೆ ಕೊಟ್ಟ. ನಮಗೆ ಅನುಮಾನವಿದ್ದ ಇಬ್ಬರೂ ಸತ್ತಿದ್ದರು. ಸತ್ತವರ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಕಾಲು ಜಾರಿದ್ದಕ್ಕೆ ಆಧಾರವಿಲ್ಲ, ಸಾವು ಸಂಶಯಾಸ್ಪದ ಎಂದು ವರದಿ ಕೊಟ್ಟೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ.

ತಂಗಿಯನ್ನು ಕರೆಸಿ ಮಹಜರಿನ ನಕಲು ಕೊಟ್ಟೆ. ಅದಕ್ಕೂ ಮೊದಲು ಇಬ್ಬರೂ ಆ ಬಾವಿಗೆ ಹೋಗಿ ಬಂದಿದ್ದೆವು. ಸುತ್ತಲೆಲ್ಲ ಸಾವಿರ ಅಡಿಯ ಕೊಳವೆಬಾವಿಗಳು. ಅದರ ತಳದಲ್ಲಿ ಜಾಲಿ ಬೆಳೆದಿತ್ತು. ಆಕೆ ಹಗ್ಗದ ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಎರಡು ಸಲ ಓದಿದರು.

“ಆಗ ನನಗೆ ಒಂಬತ್ತು ವರ್ಷ ಸಾರ್. ಹಗ್ಗ ಗೂಟದಲ್ಲೇ ಇದೆ ಎಂದು ಅವತ್ತೇ ಒಬ್ಬ ಪೊಲೀಸಿನವರಿಗೆ ತೋರಿಸಿದ್ದೆ” ಎಂದರು. “ಬರೆದುಕೊಂಡಿದ್ದಾರೆ.”