ಕೆರೆಗೆ ತಕ್ಕ ಗಾಳ

ಇವತ್ತು ಬೆಳಗ್ಗೆ ತೀರ್ಥಹಳ್ಳಿ ಹತ್ತಿರದ ನಮ್ಮೂರ ಕೆರೆಗೆ ಹೋಗಿದ್ದೆ. ಕೈಯಲ್ಲಿ ಏಳು ಅಡಿಯ ಗಾಳದ ರಾಡ್, 30 ಪೌಂಡ್ ಭಾರ ತಾಳುವ ಹೆಣೆದ ದಾರ, ತುದಿಗೆ ಆಮಿಷವಾಗಿ ಒಂದು ರಬ್ಬರ್ ಕಪ್ಪೆ. ಈ ಕಪ್ಪೆ ಅಮೆರಿಕದಲ್ಲಿ ಬಾಸ್ ಮೀನು ಹಿಡಿಯೋರಿಗೆ ಬಲು ಅಚ್ಚುಮೆಚ್ಚು. ನಮ್ಮ ಕೆರೆಯಲ್ಲಿ ಬಾಸ್ ಎಲ್ಲಿ ಬರಬೇಕು, ಆದರೆ ಕೊರವ ಮೀನಿನ ಬುದ್ಧಿಯೂ ಹಾಗೇ ಅಲ್ವಾ. ಕಳೆ, ತಾವರೆ ಎಲೆಯ ಅಡಿಯಲ್ಲಿ ಅಡಗಿ ಕೂತು, ಮೇಲೆ ಏನಾದರೂ ಹರಿದಾಡಿದರೆ ಗಬಕ್ಕನೆ ಹಾರುತ್ತದೆ.

ಕಪ್ಪೆಯ ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಿರುತ್ತವೆ, ಹಾಗಾಗಿ ಕಳೆಗೆ ಸಿಕ್ಕಿಕೊಳ್ಳುವುದು ಕಡಿಮೆ. ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ, ಹೆಣೆದ ದಾರ ಹಿಗ್ಗುವುದಿಲ್ಲ, ಮೀನನ್ನು ಕಳೆಯಿಂದ ಬಿಡಿಸಿ ತರೋಕೆ ಅದೇ ಬೇಕು. ಮೀನು ಹಾರಿದ ಕೂಡಲೇ ಎಳೆಯಬಾರದು, ಬಾಯಿ ಮುಚ್ಚಲು ಒಂದು ಕ್ಷಣ ಬಿಡಬೇಕು. ಇದನ್ನು ಕಲಿಯೋಕೆ ನನಗೆ ಎರಡು ಮಳೆಗಾಲ ಹಿಡಿಯಿತು.

ಅಜ್ಜನ ಹತ್ತಿರ ಇದ್ದದ್ದು ವಾಟೆ ಕೋಲು, ಬೆಂಡು, ಎರೆಹುಳ, ಅಷ್ಟೇ. ಆದರೆ ಗಾಳ ಹಾಕುವ ಮೊದಲು ಅವರು ಸುಮ್ನೆ ಕೂತು ನೀರು ನೋಡುತ್ತಿದ್ದರು. ಕೊರವ ಗಾಳಿ ಕುಡಿಯಲು ಮೇಲೆ ಬರುತ್ತದೆ, ಆ ಗುಳ್ಳೆ ಎದ್ದ ಜಾಗ ಗುರುತಿಟ್ಟುಕೋ ಮಗಾ ಅಂತಿದ್ದರು.

ಇವತ್ತು ಗುಳ್ಳೆ ಕಂಡಿತು. ಪಕ್ಕದಲ್ಲೇ ಕೆಂಪು ಮರಿಗಳ ಗುಂಪು. ತಾಯಿ ತಂದೆ ಕಾವಲಿದ್ದಾಗ ಹಿಡಿದರೆ ಮರಿಗಳು ಉಳಿಯೋದು ಕಷ್ಟ. ದಾರ ಸುತ್ತಿಕೊಂಡು ಕೆರೆಯ ಆಚೆ ದಡಕ್ಕೆ ಹೋದೆ.